ಚಿಕ್ಕಜ್ಜಿಯ ಹೆಸರನ್ನು ಹುಡುಕುತ್ತಾ

ಮನೆತನದ ವಂಶವೃಕ್ಷವನ್ನು ಬರೆಯಲು ಕುಳಿತಾಗ ನಾವು ಸಾಮಾನ್ಯವಾಗಿ ಹಿಡಿಯುವುದು ಒಂದೇ ದಾರಿ: ತಂದೆ, ತಂದೆಯ ತಂದೆ, ಅವರ ತಂದೆ. ಈ ದಾರಿಯಲ್ಲಿ ಅಜ್ಜಿ ಸಿಕ್ಕಾರು. ಅಜ್ಜಿಯ ತಂಗಿ ಸಿಗುವುದಿಲ್ಲ. ಮಕ್ಕಳಿಲ್ಲದೆ ತೀರಿಕೊಂಡವರಾದರೆ ಅವರನ್ನು ತಮ್ಮವರೆಂದು ಹೇಳಿಕೊಳ್ಳಲು ಯಾವ ಕವಲೂ ಇರುವುದಿಲ್ಲ. ಪ್ರಿಯ ಓದುಗರೇ, ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಚಿಕ್ಕಜ್ಜಿಯೊಬ್ಬರ ಕೈತುತ್ತು ಉಂಡು ಬೆಳೆದವರು ಹಲವರು ಸಿಗುತ್ತಾರೆ. ಅವರ ಪೂರ್ಣ ಹೆಸರನ್ನು ಹೇಳಬಲ್ಲವರು ವಿರಳ.

ಕಡಲತೀರದ ಮೀನುಗಾರ ಕುಟುಂಬಗಳಲ್ಲಿ ಈ ಮರೆವು ಇನ್ನೂ ಬೇಗ ಕವಿಯುತ್ತದೆ. ಹೊಲಗದ್ದೆಯುಳ್ಳವರಿಗೆ ಪಹಣಿ ಇದೆ, ಕ್ರಯಪತ್ರವಿದೆ. ಭೂಮಿಯ ಬೆನ್ನಿಗೆ ಹೆಸರುಗಳೂ ಸಾಗಿಬರುತ್ತವೆ. ಸಮುದ್ರಕ್ಕೆ ಪಹಣಿಯಿಲ್ಲ. ದೋಣಿ ಮುರಿಯುತ್ತದೆ, ಬಲೆ ಹರಿಯುತ್ತದೆ. ಗಂಡಸರ ಹೆಸರಾದರೂ ಸಾಲದ ಪತ್ರದಲ್ಲೋ ದೋಣಿಯ ಲೆಕ್ಕದಲ್ಲೋ ಉಳಿಯುವುದುಂಟು. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದ, ಉಪ್ಪು ಹಾಕಿ ಒಣಗಿಸಿ ಮಳೆಗಾಲಕ್ಕೆ ಕೂಡಿಟ್ಟ ಹೆಂಗಸಿನ ವ್ಯವಹಾರವೆಲ್ಲ ಬಾಯಿಮಾತಿನದು.

ಉತ್ತರ ಕನ್ನಡದ ಕರಾವಳಿಯನ್ನೇ ತೆಗೆದುಕೊಳ್ಳೋಣ. ಕಾರವಾರದಿಂದ ಭಟ್ಕಳದವರೆಗೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಕಡಲು ಸೇರುವ ಈ ತೀರದಲ್ಲಿ ಕೊಂಕಣಿ ಮಾತನಾಡುವ ಖಾರ್ವಿಗಳು ತಲೆಮಾರುಗಳಿಂದ ಮೀನು ಹಿಡಿಯುತ್ತ ಬಂದಿದ್ದಾರೆ. ಅವರಲ್ಲಿ ಹಿಂದೂಗಳೂ ಇದ್ದಾರೆ, ಕ್ರೈಸ್ತರೂ ಇದ್ದಾರೆ; ಕಸುಬು ಒಂದೇ, ಮಾತು ಒಂದೇ. ಈ ತೀರದ ಕ್ರೈಸ್ತರ ಇತಿಹಾಸ ಗೋವೆಯೊಡನೆ ಹೆಣೆದುಕೊಂಡಿದೆ. ಅಲ್ಲಿಂದ ಬೇರೆ ಬೇರೆ ಕಾಲದಲ್ಲಿ ದಕ್ಷಿಣಕ್ಕೆ ಬಂದು ನೆಲೆಸಿದ ಕುಟುಂಬಗಳು ಅನೇಕ. ಕೆನರಾದ ಕ್ರೈಸ್ತರನ್ನು 1784ರಲ್ಲಿ ಟಿಪ್ಪು ಸುಲ್ತಾನನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಅನೇಕ ದೇವಾಲಯಗಳು ನೆಲಸಮವಾದವು. ಬದುಕುಳಿದವರು ಹಿಂದಿರುಗಿದ್ದು 1799ರ ನಂತರ. ದೇವಾಲಯದೊಡನೆ ಅದರ ಪುಸ್ತಕಗಳೂ ನಾಶವಾದ ಕಡೆ ಹುಡುಕಾಟವು 19ನೆಯ ಶತಮಾನದಲ್ಲಿಯೇ ನಿಂತುಬಿಡುತ್ತದೆ.

ಹುಡುಕಲು ಹೊರಡುವವರು ಮೊದಲು ತಿಳಿಯಬೇಕಾದುದು ಆಡಳಿತದ ಗಡಿಗಳನ್ನು. ಉತ್ತರ ಕನ್ನಡವು 1862ರಲ್ಲಿ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಧರ್ಮಸಭೆಯ ಆಡಳಿತದಲ್ಲಿ ಈ ಪ್ರದೇಶವು ದೀರ್ಘಕಾಲ ಗೋವೆಯ ಮಹಾಧರ್ಮಪ್ರಾಂತ್ಯದ ಅಧೀನದಲ್ಲಿದ್ದು, 1953ರಲ್ಲಿ ಹೊಸದಾಗಿ ಸ್ಥಾಪಿತವಾದ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿತು. ಕಾರವಾರ ಧರ್ಮಪ್ರಾಂತ್ಯ ಉದಯಿಸಿದ್ದು 1976ರಲ್ಲಿ. ಹೀಗಾಗಿ ಹಳೆಯ ಪುಸ್ತಕಗಳನ್ನು ತೆರೆದರೆ ಪೋರ್ಚುಗೀಸ್ ಅಥವಾ ಲ್ಯಾಟಿನ್ ಬರಹ ಎದುರಾದರೆ ಆಶ್ಚರ್ಯಪಡಬೇಕಾಗಿಲ್ಲ. ನಾಲ್ಕಾರು ಪದಗಳನ್ನು ಕಲಿತರೆ ಸಾಕು, ಸಾಲುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ: ಲ್ಯಾಟಿನ್‌ನಲ್ಲಿ 'ಫಿಲಿಯಾ' ಎಂದರೆ ಮಗಳು, 'ಮಾತ್ರಿನಾ' ಎಂದರೆ ಜ್ಞಾನತಾಯಿ.

ಉಪನಾಮವೊಂದನ್ನೇ ನಂಬಿ ಹೊರಟರೆ ದಾರಿ ತಪ್ಪುವುದುಂಟು. ಫರ್ನಾಂಡಿಸ್, ಡಿಸೋಜ, ರೊಡ್ರಿಗಸ್ ಮುಂತಾದ ಹೆಸರುಗಳು ಪೋರ್ಚುಗೀಸರ ಕಾಲದಲ್ಲಿ ಜ್ಞಾನಸ್ನಾನದ ವೇಳೆ ಜ್ಞಾನತಂದೆಯಿಂದಲೋ ಗುರುಗಳಿಂದಲೋ ಬಂದಂಥವು. ಒಂದೇ ಉಪನಾಮದ ಎರಡು ಮನೆಗಳಿಗೆ ರಕ್ತಸಂಬಂಧವಿರಲೇಬೇಕೆಂದಿಲ್ಲ. ಒಂದೇ ಮೂಲದ ಮನೆಗಳು ಬೇರೆ ಬೇರೆ ಉಪನಾಮ ಹೊತ್ತಿರಲೂಬಹುದು.

ಹಾಗಾದರೆ ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಗಳನ್ನು ಹುಡುಕುವುದು ಹೇಗೆ? ಇಲ್ಲಿ ನಮ್ಮ ಧರ್ಮಕೇಂದ್ರಗಳ ಪುಸ್ತಕಗಳು ಕೈಹಿಡಿಯುತ್ತವೆ. ಜ್ಞಾನಸ್ನಾನದ ಪುಸ್ತಕದಲ್ಲಿ ಜ್ಞಾನತಂದೆ ತಾಯಿಯರ ಹೆಸರನ್ನು ಬರೆದಿಡಬೇಕು, ವಿವಾಹಗಳಿಗೂ ಪುಸ್ತಕವನ್ನಿಡಬೇಕು ಎಂದು ಟ್ರೆಂಟ್ ಮಹಾಸಭೆಯು 1563ರಲ್ಲಿಯೇ ವಿಧಿಸಿತು. ಇನ್ನೊಂದು ಮಹತ್ವದ ನಿಯಮ ಬಂದದ್ದು 'ನೆ ತೆಮೆರೆ' ಎಂಬ ಆಜ್ಞೆಯಿಂದ. 1907ರಲ್ಲಿ ಹೊರಟು 1908ರ ಪಾಸ್ಕ ಹಬ್ಬದಿಂದ ಜಾರಿಗೆ ಬಂದ ಈ ಆಜ್ಞೆಯಂತೆ, ಒಬ್ಬರ ವಿವಾಹವು ಎಲ್ಲಿಯೇ ನಡೆದರೂ ಆ ವಿಷಯವನ್ನು ಅವರ ಜ್ಞಾನಸ್ನಾನದ ದಾಖಲೆಯಲ್ಲಿಯೂ ನಮೂದಿಸಬೇಕು. ಗುರುಗಳೊಬ್ಬರು ಪುಟದ ಅಂಚಿನಲ್ಲಿ ಬರೆದ ಒಂದೂವರೆ ಸಾಲು ನಿಮ್ಮ ಚಿಕ್ಕಜ್ಜಿ ಯಾರ ಮನೆ ಸೇರಿದರೆಂದು ಹೇಳಬಲ್ಲದು. ಹತ್ತಿರದ ಸಂಬಂಧದಲ್ಲಿ ಮದುವೆಯಾದವರಿಗೆ ಕೊಟ್ಟ ವಿನಾಯಿತಿಯ ದಾಖಲೆ ಉಳಿದಿದ್ದರೆ ಎರಡು ಮನೆಗಳ ನಂಟಿನ ಎಳೆಯೂ ಅಲ್ಲಿ ಸಿಗುತ್ತದೆ.

ನನ್ನ ಅಜ್ಜಿಯ ತಂಗಿಯೂ ಇಂಥ ಮರೆವಿಗೆ ಸಂದವರೇ. ಮೀನು ಮಾರುತ್ತಿದ್ದರು, ಎಳೆಯ ವಯಸ್ಸಿನಲ್ಲೇ ವಿಧವೆಯಾದರು, ಮಕ್ಕಳಿರಲಿಲ್ಲ. ಮನೆಯವರ ನೆನಪಿನಲ್ಲಿ ಉಳಿದಿದ್ದುದು ಅವರನ್ನು ಕರೆಯುತ್ತಿದ್ದ ಅಡ್ಡಹೆಸರು ಮಾತ್ರ. ಜ್ಞಾನಸ್ನಾನದ ಪುಟದ ಅಂಚಿನ ಟಿಪ್ಪಣಿಯೊಂದು ಅವರ ಗಂಡನ ಊರನ್ನು ತೋರಿಸಿತು. ಆ ಊರಿನ ಧರ್ಮಕೇಂದ್ರದ ಗುರುಗಳು ತಾಳ್ಮೆಯಿಂದ ಪುಸ್ತಕಗಳನ್ನು ನೋಡಿದಾಗ ತಾಯಿಯ ಅಂಕಣದಲ್ಲಿ ಅವರ ಹೆಸರು ಒಮ್ಮೆಯೂ ಕಾಣಲಿಲ್ಲ. ಜ್ಞಾನತಾಯಿಯ ಅಂಕಣದಲ್ಲಿ ಏಳು ಬಾರಿ ಕಂಡಿತು. ಏಳೂ ಬೇರೆ ಬೇರೆ ಮನೆಯ ಮಕ್ಕಳು. ಅವರಲ್ಲೊಬ್ಬರ ಮಗಳು ಇಂದಿಗೂ ಅದೇ ಕೇರಿಯಲ್ಲಿದ್ದಾರೆ. ತಮ್ಮ ತಾಯಿಗೆ ಶಾಲೆಯ ಸ್ಲೇಟು ಕೊಂಡುಕೊಟ್ಟವರು ಆಕೆಯೇ ಎಂದೂ, ಸೆರಗಿನ ಗಂಟು ಬಿಚ್ಚಿ ನಾಣ್ಯ ಎಣಿಸುತ್ತಿದ್ದ ಬಗೆಯನ್ನು ತಾಯಿ ಸಾಯುವವರೆಗೂ ಹೇಳುತ್ತಿದ್ದರೆಂದೂ ಅವರು ತಿಳಿಸಿದರು. ನಮ್ಮ ಮನೆಯಲ್ಲಿ 'ಯಾರೂ ಇಲ್ಲದವರು' ಎನಿಸಿಕೊಂಡಿದ್ದವರನ್ನು ಇನ್ನೊಂದು ಊರಿನ ಏಳು ಮನೆಗಳು ತಮ್ಮವರೆಂದು ಕರೆದಿದ್ದವು.

ಆದುದರಿಂದ ಓದುಗರೇ, ವಂಶವನ್ನು ಮೇಲಕ್ಕೆ ಮಾತ್ರ ಹುಡುಕದೆ ಪಕ್ಕಕ್ಕೂ ಹುಡುಕಿ ಎಂಬುದೇ ನನ್ನ ವಿನಂತಿ. ಜ್ಞಾನತಾಯಿ ಯಾರು, ಮದುವೆಗೆ ಸಾಕ್ಷಿಯಾದವರು ಯಾರು ಎಂದು ನೋಡಿ. ಕಡಲಿಗಿಳಿಯುವ ಕುಟುಂಬಗಳಲ್ಲಿ ಈ ನಂಟು ಹಬ್ಬದ ಶಿಷ್ಟಾಚಾರವಷ್ಟೇ ಆಗಿರಲಿಲ್ಲ. ತಂದೆ ಸಮುದ್ರದಿಂದ ಹಿಂದಿರುಗದಿದ್ದರೆ ಮಗುವಿನ ಹೊಣೆ ಹೊರಬೇಕಾದವರು ಯಾರೆಂಬ ಪ್ರಶ್ನೆಗೆ ಮುಂಚಿತವಾಗಿಯೇ ಬರೆದಿಟ್ಟ ಉತ್ತರವೂ ಅದಾಗಿತ್ತು.

ಪುಸ್ತಕ ಹೇಳದ್ದನ್ನು ಹಿರಿಯರು ಹೇಳಬಲ್ಲರು. ಆದರೆ ಕಾಲ ಕಾಯುವುದಿಲ್ಲ. ಇಡೀ ಊರೇ ದಡದಲ್ಲಿ ನಿಂತು ಬಂಗುಡೆ, ತಾರಲೆಗಳಿಗಾಗಿ ಎಳೆಯುತ್ತಿದ್ದ ರಂಪಣಿ ಬಲೆ 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಹಿಂದೆ ಸರಿಯಿತು. ಆ ದಡದಲ್ಲಿ ಯಾವ ಮನೆಯವರು ಯಾರೊಡನೆ ಹಗ್ಗ ಹಿಡಿಯುತ್ತಿದ್ದರು, ಮೀನಿನ ಪಾಲನ್ನು ಬುಟ್ಟಿಗೆ ತುಂಬಿಕೊಂಡು ಹೋಗುತ್ತಿದ್ದ ಹೆಂಗಸರು ಯಾರು ಯಾರು ಎಂದು ಬಲ್ಲವರು ಈಗ ಇಳಿವಯಸ್ಸಿನವರು.

ನಿಮ್ಮ ಧರ್ಮಕೇಂದ್ರದ ಹಳೆಯ ಪುಸ್ತಕಗಳ ಕಾಗದವೂ ಉಪ್ಪುಗಾಳಿಗೆ ಪುಡಿಯಾಗುತ್ತಿರಬಹುದು. ಗುರುಗಳ ಅನುಮತಿ ಪಡೆದು, ಅವರ ಸಮ್ಮುಖದಲ್ಲಿಯೇ ನೋಡಿ. ಪುಟಗಳನ್ನು ಬಟ್ಟೆಯಲ್ಲಿ ಸುತ್ತಿಡುವ, ಛಾಯಾಪ್ರತಿ ಮಾಡಿಸುವ ಕೆಲಸಕ್ಕೆ ಕೈಜೋಡಿಸಿ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಮನೆಯ ಹಿರಿಯರ ಬಳಿ ಒಂದು ನೋಟ್‌ಪುಸ್ತಕ ಹಿಡಿದು ಕುಳಿತುಕೊಳ್ಳಿ. ಅಜ್ಜನ ಹೆಸರನ್ನು ಬರೆದುಕೊಂಡ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: "ಅಜ್ಜಿಗೆ ತಂಗಿಯರಿದ್ದರೇ? ಅವರ ಹೆಸರೇನು?"