ಜೋಡಿ ಶಾಕ್‌ಗಳ ಕಾಲ

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಿಂದ ಮೈಸೂರು ತೀರಾ ದೂರವಲ್ಲ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. ಹಳ್ಳಿಯ ಮಣ್ಣುದಾರಿಗಳಲ್ಲಿ ಓಡಾಡಿದ ಈ ಬೈಕುಗಳಿಗೆ ರೇಸಿನ ನಂಟೂ ಉಂಟು.

ಇವುಗಳ ಮೂಲ ಚೆಕೊಸ್ಲೊವಾಕಿಯ. 1964ರಲ್ಲಿ ಬೆಲ್ಜಿಯಂನ ಜೋಯಲ್ ರಾಬರ್ಟ್ 250 ಸಿಸಿ ಮೋಟೊಕ್ರಾಸ್ ವಿಶ್ವ ಪ್ರಶಸ್ತಿ ಗೆದ್ದದ್ದು ಅದೇ ದೇಶದ ಸಿಜೆಡ್ ಬೈಕಿನಲ್ಲಿ. ಹಳ್ಳದಿಣ್ಣೆಗಳ ಮೇಲಿನ ಓಟವೇ ಮೋಟೊಕ್ರಾಸ್. ಆಗಿನ ಬೈಕುಗಳಲ್ಲಿ ಹಿಂಚಕ್ರದ ಎರಡೂ ಬದಿಗೆ ಒಂದೊಂದು ಶಾಕ್ ಅಬ್ಸಾರ್ಬರ್ ಇರುತ್ತಿತ್ತು; ಅದೇ 'ಟ್ವಿನ್ ಶಾಕ್'. 1973ರಲ್ಲಿ ಸ್ವೀಡನ್ನಿನ ಹಾಕನ್ ಆಂಡರ್ಸನ್ ಒಂಟಿ ಶಾಕ್‌ನ ಯಮಹಾದಲ್ಲಿ ವಿಶ್ವ ಪ್ರಶಸ್ತಿ ಗೆದ್ದರು. ಕ್ರಮೇಣ ಜೋಡಿ ಶಾಕ್ ಹಿಂದೆ ಬಿತ್ತು. ಈಗ ವಿದೇಶಗಳಲ್ಲಿ ಇಂಥ ಹಳೆಯ ಬೈಕುಗಳಿಗೆಂದೇ ಪ್ರತ್ಯೇಕ ರೇಸುಗಳಿವೆ.

ಜೋಡಿ ಶಾಕ್‌ನ ಹಳೆಯ ಯೆಜ್ಡಿಯನ್ನೂ ಮಣ್ಣಿಗಿಳಿಸಬಹುದು. ದೀಪ, ಇಂಡಿಕೇಟರ್ ಕಳಚಿ, ಅಗಲ ಹ್ಯಾಂಡಲ್, ಹಲ್ಲುಹಲ್ಲಿನ ಟೈರು, ತುಸು ಉದ್ದದ ಶಾಕ್ ಹಾಕಬೇಕು. ಆದರೆ ಫ್ರೇಮಿಗೆ ಗರಗಸ ಇಡುವ ಮುನ್ನ ಯೋಚಿಸಬೇಕು. ಯೆಜ್ಡಿ ಹೆಸರು 2022ರಲ್ಲಿ ಮರಳಿತಾದರೂ ಹೊಸ ಬೈಕಿನದು ಫೋರ್ ಸ್ಟ್ರೋಕ್ ಎಂಜಿನ್. ಮೈಸೂರಿನ ಹಳೆಯ ಟೂ ಸ್ಟ್ರೋಕ್ ಬೈಕು ಮತ್ತೆ ತಯಾರಾಗದು. ಕತ್ತರಿಸಿದ್ದು ಹೋದಂತೆಯೇ. ನಟ್ಟು ಬೋಲ್ಟಿನಲ್ಲಿ ಬದಲಿಸಿದ್ದನ್ನಾದರೆ ನಾಳೆ ಮೊದಲಿನಂತೆ ಮಾಡಬಹುದು. ರೇಸೂ ನಡೆಯಲಿ, ಬೈಕೂ ಉಳಿಯಲಿ.