ಮೂಕಚಿತ್ರಗಳಲ್ಲಿ ಜನಜೀವನದ ಪ್ರಾತಿನಿಧ್ಯ: ಗುಬ್ಬಿ ರಂಗಪರಂಪರೆಯ ಹಿನ್ನೆಲೆಯಲ್ಲಿ

1895ರಲ್ಲಿ ಲ್ಯೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದ ಕಿರುಚಿತ್ರಗಳಲ್ಲಿ ಒಂದು, ಲಿಯಾನ್ ನಗರದ ಅವರದೇ ಕಾರ್ಖಾನೆಯಿಂದ ಕೆಲಸಗಾರರು ಹೊರಬರುವ ದೃಶ್ಯವಾಗಿತ್ತು. ಅದರಲ್ಲಿ ಹೆಣ್ಣಾಳುಗಳ ಸಂಖ್ಯೆಯೇ ಹೆಚ್ಚು. ದುಡಿಯುವವರು ಪರದೆಯ ಮೇಲೆ ಕಾಣಿಸಿಕೊಂಡರು. ಆದರೆ ಕ್ಯಾಮೆರಾ ಮಾಲೀಕರ ಕೈಯಲ್ಲಿತ್ತು. ನಿತ್ಯಜೀವನದ ಚಿತ್ರಣ ಮತ್ತು ಪ್ರಾತಿನಿಧ್ಯ ಎರಡೂ ಒಂದೇ ಅಲ್ಲ ಎಂಬುದು ಚಲನಚಿತ್ರದ ಹುಟ್ಟಿನಲ್ಲಿಯೇ ವ್ಯಕ್ತವಾಗಿದೆ.

ಈ ಚಿತ್ರಗಳು 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಪ್ರದರ್ಶಿತವಾದವು. ಭಾರತದ ಕಥಾಚಿತ್ರವಾದರೋ ಪುರಾಣದಿಂದ ಆರಂಭವಾಯಿತು. ದಾದಾಸಾಹೇಬ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ'ದಲ್ಲಿ (1913) ತಾರಾಮತಿಯ ಪಾತ್ರವನ್ನು ಸಾಳುಂಕೆ ಎಂಬ ಪುರುಷ ನಟ ನಿರ್ವಹಿಸಿದರು. ಬಣ್ಣ ಹಚ್ಚುವುದು ಕುಲೀನ ಸ್ತ್ರೀಯರಿಗೆ ತಕ್ಕುದಲ್ಲವೆಂಬ ನಂಬಿಕೆಯೇ ಇದಕ್ಕೆ ಕಾರಣ.

ಈ ಹಿನ್ನೆಲೆಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯ ಕೊಡುಗೆ ಗಮನಾರ್ಹವಾದುದು. 1884ರಲ್ಲಿ ಸ್ಥಾಪನೆಗೊಂಡ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು ಗುಬ್ಬಿ ವೀರಣ್ಣನವರ ನೇತೃತ್ವದಲ್ಲಿ ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ತಂದಿತು. ಅವರು ಮುಂದೆ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಮೂಲಕ ಮೂಕಚಿತ್ರಗಳ ನಿರ್ಮಾಣಕ್ಕೂ ತೊಡಗಿದರು. ಬೆಲ್ಜಿಯಂ ದೇಶದ ರಾಫೆಲ್ ಆಲ್ಗೊಯೆಟ್ ನಿರ್ದೇಶಿಸಿದ 'ಹಿಸ್ ಲವ್ ಅಫೇರ್' (1931) ಮತ್ತು ವೈ.ವಿ. ರಾವ್ ಅವರ 'ಹರಿಮಾಯಾ' (1932) ಇವುಗಳಲ್ಲಿ ಮುಖ್ಯವಾದವು. ಊರೂರು ತಿರುಗುತ್ತಿದ್ದ ಕಂಪನಿಯ ಬಿ. ಜಯಮ್ಮನವರಂತಹ ನಟಿಯರು ಹೀಗೆ ರಂಗದಿಂದ ಪರದೆಗೆ ದಾಟಿದರು.

ಇದೇ ಕಾಲಘಟ್ಟದಲ್ಲಿ ಮೋಹನ್ ಭವನಾನಿಯವರು 'ಮೃಚ್ಛಕಟಿಕ'ವನ್ನು ಮೂಕಚಿತ್ರವಾಗಿಸಿದರು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅವರು ಇದರಲ್ಲಿ ಅಭಿನಯಿಸಿದುದು ಮೇಲ್ಕಂಡ ನಂಬಿಕೆಗೆ ನೀಡಿದ ಉತ್ತರದಂತಿದೆ. ಶೂದ್ರಕನ ನಾಟಕದಲ್ಲಿ ಗಣಿಕೆ, ಜೂಜುಗಾರ, ಕಳ್ಳ, ಬಂಡಿ ಹೊಡೆಯುವವ, ಮೈಯೊತ್ತುವ ಕಸುಬಿನವ, ಚಾಂಡಾಲ ಮುಂತಾಗಿ ಇಡೀ ನಗರವೇ ನೆರೆದಿದೆ. ಮೂಲದಲ್ಲಿ ಸಂಸ್ಕೃತ ಮತ್ತು ಬಗೆಬಗೆಯ ಪ್ರಾಕೃತಗಳು ಪಾತ್ರಗಳ ಸಾಮಾಜಿಕ ಅಂತರವನ್ನು ಸೂಚಿಸುತ್ತವೆ. ಮೂಕಚಿತ್ರದಲ್ಲಿ ಮಾತೇ ಇಲ್ಲದ ಕಾರಣ ಆ ಅಂತರವನ್ನು ಉಡುಪು, ನಿಲುವು, ಮುಖಭಾವಗಳೇ ಹೊರಬೇಕಾಯಿತು. ವೈವಿಧ್ಯವು ಕಿವಿಯಿಂದ ಕಣ್ಣಿಗೆ ಸ್ಥಳಾಂತರಗೊಂಡಿತು. ವೇಷವೇ ವ್ಯಕ್ತಿಯ ಗುರುತಾಗುವಲ್ಲಿ ಜಾತಿ, ಕಸುಬುಗಳು ಸಿದ್ಧ ಮಾದರಿಗಳಾಗಿ ಗಟ್ಟಿಗೊಳ್ಳುವ ಅಪಾಯವೂ ಇತ್ತು.

ಮೂಕಚಿತ್ರಕ್ಕೆ ನುಡಿಯ ಗಡಿಯಿಲ್ಲ. ಆದ್ದರಿಂದ 'ಕನ್ನಡದ ಮೂಕಚಿತ್ರ' ಎಂಬ ವರ್ಗೀಕರಣವನ್ನು ಭಾಷೆಯಿಂದಲ್ಲದೆ ನೆಲ, ಕಲಾವಿದರು ಮತ್ತು ವಸ್ತುವಿನಿಂದ ನಿರ್ಣಯಿಸಬೇಕಾಗುತ್ತದೆ. ಹೀಗೆ ನೋಡಿದಾಗ ಕುಣಿಗಲ್ ಸೀಮೆಯ ಕೊತ್ತಗೆರೆಯಂತಹ ಊರಿನ ಒಕ್ಕಲಿಗೆ, ಕುಂಬಾರನಿಗೆ, ಕೂಲಿಯ ಹೆಣ್ಣಿಗೆ ಪರದೆಯಲ್ಲಿ ಎಷ್ಟು ಎಡೆ ದೊರೆಯಿತೆಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ. 1934ರಲ್ಲಿ 'ಸತಿ ಸುಲೋಚನ'ದೊಂದಿಗೆ ಕನ್ನಡವು ಪರದೆಯಲ್ಲಿ ಮಾತನಾಡತೊಡಗಿದಾಗಲೂ ಮೊದಲು ಕೇಳಿಬಂದದ್ದು ಪುರಾಣದ ದನಿಯೇ.

ಭಾರತದಲ್ಲಿ ತಯಾರಾದ ಮೂಕಚಿತ್ರಗಳಲ್ಲಿ ಬಹುಪಾಲು ಇಂದು ಉಳಿದಿಲ್ಲ. ಬೇಗ ಹೊತ್ತಿಕೊಳ್ಳುವ, ಕಾಲಕ್ರಮೇಣ ಶಿಥಿಲವಾಗುವ ನೈಟ್ರೇಟ್ ಫಿಲ್ಮಿನ ಸ್ವಭಾವ ಇದಕ್ಕೊಂದು ಕಾರಣ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದೇ 1964ರಲ್ಲಿ ಎಂಬುದು ಮತ್ತೊಂದು. ಚಿತ್ರ ಅಳಿದಾಗ ನಾಯಕನ ಹೆಸರಾದರೂ ಜಾಹೀರಾತಿನಲ್ಲಿ ಉಳಿಯುತ್ತದೆ. ಗುಂಪಿನ ನಡುವೆ ನಿಂತಿದ್ದ ಜನಸಾಮಾನ್ಯರ ಮುಖ ಉಳಿಯುವುದಿಲ್ಲ. ಆದಕಾರಣ ನಾಟಕ ಕಂಪನಿಗಳ ಕರಪತ್ರ, ಛಾಯಾಚಿತ್ರ, ಲೆಕ್ಕಪುಸ್ತಕ ಹಾಗೂ ಕಲಾವಿದರ ಆತ್ಮಕಥನಗಳನ್ನು ಚಲನಚಿತ್ರ ಚರಿತ್ರೆಯ ಮೂಲ ಆಕರಗಳೆಂದೇ ಪರಿಗಣಿಸಿ ಸಂರಕ್ಷಿಸುವುದು ಅಗತ್ಯ.