ನಕಲುಗಾರನ ಬೇಸರದಿಂದ ಲೇಸರ್ ಮುದ್ರಣದವರೆಗೆ

ಚೆನ್ನೈಯ ಪ್ಯಾರೀಸ್ ಕಾರ್ನರ್ ವ್ಯಾಪಾರದ ಮೂಲೆಯೆಂದೇ ಪ್ರಸಿದ್ಧ. 1788ರಲ್ಲಿ ಇಲ್ಲಿಗೆ ಬಂದ ವೇಲ್ಸಿನ ವರ್ತಕ ಥಾಮಸ್ ಪ್ಯಾರಿಯ ಹೆಸರು ಅದಕ್ಕೆ ನಿಂತಿದೆ. ಕನ್ನಡಿಗರಿಗಾದರೋ ಅದು ನ್ಯಾಯಾಲಯದ ಮೂಲೆ. ಎದುರಿನ ಹೈಕೋರ್ಟಿನ ಕೆಂಪು ಕಟ್ಟಡ ತೆರೆದದ್ದು 1892ರಲ್ಲಿ. ಬಳ್ಳಾರಿಯವರು 1953ರವರೆಗೂ, ಮಂಗಳೂರು ಕಾಸರಗೋಡುಗಳವರು 1956ರವರೆಗೂ ಅಪೀಲಿನ ಕಾಗದಗಳನ್ನು ಹೊತ್ತು ಬರುತ್ತಿದ್ದುದು ಇಲ್ಲಿಗೇ. ನ್ಯಾಯಾಲಯವಿದ್ದಲ್ಲಿ ನಕಲು ಇರಲೇಬೇಕಷ್ಟೆ. ಕೈಬರಹದ ನಕಲುಗಾರ, ಅನಂತರ ಬೆರಳಚ್ಚಿನ ಯಂತ್ರ ಮತ್ತು ಕಾರ್ಬನ್ ಕಾಗದ, ಈಗ ಸುತ್ತಲಿನ ಬೀದಿಗಳ ಅಂಗಡಿಗಳಲ್ಲಿ ಜೆರಾಕ್ಸು, ಲೇಸರ್ ಪ್ರಿಂಟರು. ಇವೆಲ್ಲ ಒಂದೇ ವಂಶದವು.

ಈ ಯಂತ್ರದ ಹುಟ್ಟೂ ಕಾನೂನಿನ ಕಾಗದಗಳ ನಡುವೆಯೇ ಆಯಿತೆಂಬುದು ಗಮನಾರ್ಹ. ಚೆಸ್ಟರ್ ಕಾರ್ಲ್‌ಸನ್ನರು ನ್ಯೂಯಾರ್ಕಿನಲ್ಲಿ ಸಂಸ್ಥೆಯೊಂದರ ಪೇಟೆಂಟ್ ವಿಭಾಗದ ಕೆಲಸದಲ್ಲಿದ್ದವರು. ಪ್ರತಿಗಳು ಎಂದೂ ಸಾಲದೆ ಬೇಸತ್ತವರು. 1938ರ ಅಕ್ಟೋಬರ್ 22ರಂದು ಆಸ್ಟೋರಿಯಾದ ಕೋಣೆಯೊಂದರಲ್ಲಿ ಅವರೂ ಸಹಾಯಕ ಆಟೋ ಕಾರ್ನೈಯವರೂ ಗಂಧಕ ಲೇಪಿಸಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿ ವಿದ್ಯುದಾವೇಶ ತುಂಬಿದರು. ಅಕ್ಷರ ಬರೆದ ಗಾಜನ್ನು ಅದರ ಮೇಲಿಟ್ಟು ಬೆಳಕು ಹಾಯಿಸಿ, ಲೈಕೊಪೋಡಿಯಂ ಪುಡಿಯನ್ನು ಉದುರಿಸಿದರು. ಬೆಳಕು ತಾಗಿದೆಡೆ ಆವೇಶ ಸೋರಿಹೋಗಿತ್ತು. ಅಕ್ಷರದ ನೆರಳಿನಲ್ಲಿ ಮಾತ್ರ ಉಳಿದು ಪುಡಿಯನ್ನು ಹಿಡಿದಿತ್ತು. ಮೇಣಗಾಗದಕ್ಕೆ ಇಳಿದದ್ದು ಆ ದಿನದ ತಾರೀಖು ಮತ್ತು ಊರಿನ ಹೆಸರು. ಅದು ಕಚೇರಿಗಳ ಯಂತ್ರವಾಗಲು 1959ರ ಜೆರಾಕ್ಸ್ 914ರವರೆಗೆ ಕಾಯಬೇಕಾಯಿತು.

ನಕಲಿಗೆ ಮೂಲವೊಂದು ಬೇಕು. ಆ ಕಾಗದದ ಮೂಲವನ್ನೇ ಅನಾವಶ್ಯಕಗೊಳಿಸಿದವರು ಗ್ಯಾರಿ ಸ್ಟಾರ್ಕ್‌ವೆದರ್. 1971ರಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ ಅವರು ಲೇಸರ್ ಕಿರಣವನ್ನು ತಿರುಗುವ ಬಹುಮುಖ ಕನ್ನಡಿಯಿಂದ ಉರುಳೆಯ ಮೇಲೆ ಸಾಲುಸಾಲಾಗಿ ಹಾಯಿಸಿದರು. ಇಂದಿನ ಸಾಮಾನ್ಯ ಪ್ರಿಂಟರಿನಲ್ಲಿ ಕಾರ್ಲ್‌ಸನ್ನರ ಕ್ರಮ ತಿರುಗುಮುರುಗಾಗಿದೆ. ಮೊದಲು ಉರುಳೆಗೆಲ್ಲ ಋಣಾವೇಶ. ಲೇಸರ್ ತಾಗಿದ ಚುಕ್ಕೆಗಳಲ್ಲಿ ಅದು ಕುಗ್ಗುತ್ತದೆ. ಟೋನರಿನ ಪುಡಿಗೂ ಋಣಾವೇಶವೇ ಇರುವುದರಿಂದ ಉಳಿದೆಡೆ ನಿಲ್ಲಲಾರದೆ ಅದು ಆ ಚುಕ್ಕೆಗಳಲ್ಲೇ ಕೂಡುತ್ತದೆ. ಕಾಗದದ ಹಿಂದಣ ಧನಾವೇಶ ಪುಡಿಯನ್ನು ಸೆಳೆಯುತ್ತದೆ. ಪ್ಲಾಸ್ಟಿಕ್ಕಿನ ಅಂಶವುಳ್ಳ ಪುಡಿ ಬಿಸಿ ಉರುಳೆಯಡಿ ಕರಗಿ ಅಂಟುತ್ತದೆ. ಹೊರಬಂದ ಹಾಳೆ ಬೆಚ್ಚಗಿರುವುದು ಇದರಿಂದಲೇ.

ನಮ್ಮ ಲಿಪಿಗೆ ಇದರಿಂದಾದ ಉಪಕಾರ ಸಣ್ಣದಲ್ಲ. 1832ರಲ್ಲಿ ರೀವ್ ಅವರ ಕನ್ನಡ ನಿಘಂಟು ಮದರಾಸಿನಲ್ಲೇ ಅಚ್ಚಾಯಿತು. ಮೊಳೆಯ ಮುದ್ರಣದಲ್ಲಿ ಒತ್ತುಗಳಿಗೂ ಪ್ರತ್ಯೇಕ ಮೊಳೆ ಬೇಕು, ಬೆರಳಚ್ಚಿನ ಯಂತ್ರದಲ್ಲಂತೂ ಅವಕ್ಕೆ ಸ್ಥಳವೇ ಸಾಲದು. ಲಿಪಿಯನ್ನೇ ಯಂತ್ರಕ್ಕೆ ತಕ್ಕಂತೆ ಸವರಬೇಕೆಂದು ವಾದಿಸಿದವರೂ ಉಂಟು. ಲೇಸರಿಗೆ ಚುಕ್ಕೆಯ ಹೊರತು ಅಕ್ಷರವೇ ಗೊತ್ತಿಲ್ಲ. 1984ರ ಹ್ಯೂಲೆಟ್ ಪ್ಯಾಕಾರ್ಡ್ ಲೇಸರ್‌ಜೆಟ್ ಅಂಗುಲಕ್ಕೆ 300 ಚುಕ್ಕೆಗಳನ್ನಿಟ್ಟಿತು; ಅಂಥ ಯಂತ್ರಕ್ಕೆ ‘ಸ್ತ್ರೀ’ ಎಂಬುದೂ ಒಂದೇ, ಬರಿಯ ಗೆರೆಯೂ ಒಂದೇ.

ಆದರೆ ಹೊರೆ ಇಳಿದುಹೋಗಲಿಲ್ಲ, ಮೊಳೆಯಿಂದ ಗಣಕಕ್ಕೆ ದಾಟಿತು. ಅದನ್ನು ಹೊತ್ತವರಲ್ಲಿ ಕೆ. ಪಿ. ರಾಯರು ಮುಖ್ಯರು, ಕನ್ನಡ ಕೀಲಿಮಣೆಯ ವಿನ್ಯಾಸ ಅವರದು. ಪ್ಯಾರೀಸ್ ಕಾರ್ನರಿನ ಅಂಗಡಿಗೆ ಹಳೆಯ ನುಡಿ ಫಾಂಟಿನ ಕಡತವನ್ನು ಒಯ್ದು ನೋಡಿ: ಅಲ್ಲಿನ ಗಣಕದಲ್ಲಿ ಆ ಫಾಂಟು ಇಲ್ಲದಿದ್ದರೆ, ಅರ್ಥವಿಲ್ಲದ ರೋಮನ್ ಅಕ್ಷರಗಳನ್ನು ಪ್ರಿಂಟರು ಅಷ್ಟೇ ಅಚ್ಚುಕಟ್ಟಾಗಿ ಅಚ್ಚೊತ್ತಿ ಕೊಡುತ್ತದೆ.